ಅಕ್ಕನಿಗಾಗಿ ಇಳಿಸಿದ ಪಿಕಪ್ಪು

ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದಾಗ ಕಂಕುಳಿನಿಂದ ಸೊಂಟದವರೆಗೆ ಅವಳ ಮೈಗೆ ಪ್ಲಾಸ್ಟರಿನ ಅಂಗಿ ಇತ್ತು. ಬೆನ್ನುಮೂಳೆಗೆ ಕ್ಷಯ ತಗುಲಿ ಹತ್ತು ತಿಂಗಳು ಅಂಗಾತ ಮಲಗಿದ್ದವಳು. ಸೂಜಿಮದ್ದು ಬಂದಿದ್ದ ಕಾಲವಾದ್ದರಿಂದ ಬದುಕಿದಳು. ಡಾಕ್ಟರು ಕಳಿಸಿಕೊಡುವಾಗ ನನಗೂ ಅಪ್ಪನಿಗೂ ಎದುರು ನಿಂತು ಹೇಳಿದ್ದು ಇಷ್ಟು: ಸಮನೆಲದ ಮೇಲೆ ನಡೆಯಬಹುದು, ನಿಲ್ಲಬಹುದು, ಮಲಗಬಹುದು. ಬಗ್ಗುವಂತಿಲ್ಲ. ನಾಲ್ಕು ಅಂಗುಲಕ್ಕಿಂತ ಎತ್ತರದ ಮೆಟ್ಟಿಲು ಹತ್ತುವಂತಿಲ್ಲ. ತೋಳಿಗೆ ಕೈಹಾಕಿ ಯಾರೂ ಎತ್ತುವಂತಿಲ್ಲ. ಬೆನ್ನಿಗೆ ಪೆಟ್ಟು ಬೀಳುವಂಥ ಪ್ರಯಾಣ ಮಾತ್ರ ಸುತರಾಂ ಕೂಡದು.

ಆಗ ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮದು ಬಾಗಲೂರಿನ ಪಕ್ಕದ ಹಳ್ಳಿ. ಅಪ್ಪ ದ್ರಾಕ್ಷಿ ಬೆಳೆಯುತ್ತಿದ್ದ. ಅಕ್ಕ ಯಲಹಂಕದ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕದ ಟೀಚರು. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಸಂಬಳಕ್ಕೆ ಹೋಗುತ್ತಿದ್ದ ಹೆಂಗಸು ಅವಳೊಬ್ಬಳೇ ಇರಬೇಕು. ಕಾಯಿಲೆ ಬಿದ್ದಾಗ ಅವಳಿಗೆ ಇಪ್ಪತ್ತಾರು ವರ್ಷ, ನನಗೆ ಇಪ್ಪತ್ತೆರಡು. ಅವಳು ಮನೆಗೆ ಬಂದ ವಾರದಲ್ಲೇ ಶಾಲೆಯ ಹೆಡ್‌ಮಿಸ್ಟ್ರೆಸ್ ಕಾಗದ ಬರೆದರು. ಬೇಸಿಗೆ ರಜಾ ಮುಗಿದು ಶಾಲೆ ಶುರುವಾಗುವ ದಿನದವರೆಗೆ ನಿಮ್ಮ ಜಾಗ ಹಿಡಿದಿಟ್ಟುಕೊಂಡಿರುತ್ತೇನೆ, ಅದರ ಮೇಲೆ ನನ್ನ ಕೈಯಲ್ಲಿಲ್ಲ ಅಂತ.

ಬಸ್ಸಿನ ಮೆಟ್ಟಿಲು ಅವಳಿಗೆ ಆಗದು. ಎತ್ತಿನ ಗಾಡಿಯ ಮಾತೇ ಇಲ್ಲ. ಉಳಿದದ್ದು ನಮ್ಮ ಪಿಕಪ್ಪು. ಮಿಲಿಟರಿಯವರು ಹರಾಜು ಹಾಕಿದ್ದನ್ನು ಅಪ್ಪ ಕೊಂಡು ತಂದಿದ್ದ. ಬೆಳಿಗ್ಗೆ ಅದರಲ್ಲಿ ದ್ರಾಕ್ಷಿ ಪೆಟ್ಟಿಗೆ ತುಂಬಿಕೊಂಡು ಮಾರ್ಕೆಟ್ಟಿಗೆ ಹೋಗಿ ಬರುವುದು ನನ್ನ ಕೆಲಸ. ಹಿಂದಿನ ತೊಟ್ಟಿಯಲ್ಲಿ ಹಾಸಿಗೆ ಹಾಸಿ ಅಕ್ಕನನ್ನು ಮಲಗಿಸಿಕೊಂಡು ಹೋಗಬಹುದಿತ್ತು. ತೊಡಕು ಎರಡು. ಮೊದಲನೆಯದು ಎತ್ತರ. ನಮ್ಮ ಮನೆಯ ಜಗಲಿ ನೆಲದಿಂದ ಎರಡು ಅಡಿ. ಶಾಲೆಯ ವರಾಂಡವೂ ಹೆಚ್ಚುಕಮ್ಮಿ ಅಷ್ಟೇ. ಪಿಕಪ್ಪಿನ ತೊಟ್ಟಿ ಅದಕ್ಕಿಂತ ಒಂದು ಗೇಣು ಮೇಲಿತ್ತು. ಎರಡನೆಯದು ಓಟ. ಹಿಂದಿನ ಚಕ್ರಗಳ ಮೇಲೆ ಒಂದೊಂದು ಕಡೆಗೆ ಒಂಬತ್ತು ದಪ್ಪ ಪಟ್ಟಿಗಳ ಸ್ಪ್ರಿಂಗು. ಯುದ್ಧಕಾಲದ ಸಾಮಾನು ಹೊರಲಿಕ್ಕೆ ಮಾಡಿದ್ದು. ಹೊರೆ ತುಂಬಿದಾಗ ಗಾಡಿ ತೆಪ್ಪದ ಹಾಗೆ ಹೋಗುತ್ತಿತ್ತು. ಖಾಲಿ ಇದ್ದಾಗ ಹಿಂಭಾಗ ಮೇಕೆಮರಿಯ ಹಾಗೆ ಕುಣಿಯುತ್ತಿತ್ತು.

ಒಂದು ಸಂಜೆ ಅಕ್ಕ ಜಗಲಿಯ ಅಂಚಿನಲ್ಲಿ ನಿಂತು, ಹಿಮ್ಮುಖವಾಗಿ ನಿಲ್ಲಿಸಿದ್ದ ಪಿಕಪ್ಪನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಕರೆದು ಅಡಿಕೋಲು ತರಿಸಿ ಅಳೆಸಿದಳು. ಒಂಬತ್ತು ಅಂಗುಲ ಬಂತು.

"ಆರು ಅಂಗುಲ ಇಳಿಸೋಕಾಗುತ್ತೇನೋ?" ಅಂತ ಕೇಳಿದಳು. "ಮೂರು ಅಂಗುಲ ನಾನು ಹತ್ತಬಲ್ಲೆ. ಯಾರೂ ನನ್ನ ಮೂಟೆ ಥರ ಎತ್ತಿ ಹಾಕೋದು ಬೇಡ."

ಆಗುತ್ತೆ ಅಂದುಬಿಟ್ಟೆ. ಹೇಗೆ ಅಂತ ಗೊತ್ತಿರಲಿಲ್ಲ.

ಮೊದಲು ನನ್ನ ಬುದ್ಧಿಗೆ ತೋಚಿದ್ದನ್ನೇ ಮಾಡಿದೆ. ಪಟ್ಟಿ ಜಾಸ್ತಿ ಇರುವುದಕ್ಕೆ ತಾನೇ ಗಾಡಿ ಎತ್ತರ, ತೆಗೆದರಾಯಿತು. ಜ್ಯಾಕ್ ಕೊಟ್ಟು, ಗಾಡಿಯ ಅಡಿಚೌಕಟ್ಟಾದ ಚಾಸಿಗೆ ಕಲ್ಲುಚಪ್ಪಡಿ ಆನಿಸಿ, ಒಂದೊಂದು ಕಡೆಯಿಂದ ನಾಲ್ಕು ನಾಲ್ಕು ಪಟ್ಟಿ ಬಿಚ್ಚಿದೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಬಿಟ್ಟು ಎರಡು ದಿನ ಕಾದು, ಅಂಗೈ ಚರ್ಮ ಸುಲಿಯುವ ತನಕ ತಿರುಗಿಸಿದ್ದೆ. ಗಾಡಿ ಮೂರು ಅಂಗುಲ ಇಳಿಯಿತು. ಕುಣಿತವೂ ಕಡಿಮೆಯಾದಂತೆ ಕಂಡಿತು. ಮಾರನೆಯ ಬೆಳಿಗ್ಗೆ ಆ ಫಸಲಿನ ಕೊನೆಯ ದ್ರಾಕ್ಷಿ ಹೇರಿದಾಗ ತೊಟ್ಟಿ ಸೀದಾ ಟೈರಿನ ಮೇಲೆ ಕೂತಿತು. ಊರ ಬಾಗಿಲು ದಾಟುವುದರೊಳಗೆ ರಬ್ಬರು ಸುಟ್ಟ ವಾಸನೆ. ಅಪ್ಪ ಪೆಟ್ಟಿಗೆಗಳನ್ನೆಲ್ಲ ಇಳಿಸಿ ಎತ್ತಿನ ಗಾಡಿಗೆ ಹಾಕಿಸಿದ. ಬೈಯಲಿಲ್ಲ. ತೆಗೆದದ್ದನ್ನು ಮತ್ತೆ ಹಾಕು ಅಂತ ಮಾತ್ರ ಹೇಳಿ ಗಾಡಿಯ ಹಿಂದೆ ನಡೆದು ಹೋದ. ಅವನು ಬೈದಿದ್ದರೆ ಮೇಲಿತ್ತು.

ಹಾಕಿದೆ. ಹಾಕಿದವನೇ ಯಶವಂತಪುರಕ್ಕೆ ಹೋದೆ. ಅಲ್ಲಿ ಒಬ್ಬ ಮೇಸ್ತ್ರಿ ಇದ್ದರು. ಮಿಲಿಟರಿ ವರ್ಕ್‌ಶಾಪಿನಲ್ಲಿ ಹದಿನೈದು ವರ್ಷ ದುಡಿದು, ಈಚೆಗೆ ರೈಲ್ವೆ ಹಳಿಯ ಪಕ್ಕ ಸ್ವಂತ ಶೆಡ್ಡು ಹಾಕಿಕೊಂಡಿದ್ದವರು. ಬಿಳಿ ಗಡ್ಡ, ಎಡಗಣ್ಣಿಗೆ ಪೊರೆ. ಬೆರಳಿನಲ್ಲಿ ಮುಟ್ಟಿಯೇ ಲೋಹದ ಬಿರುಕು ಹೇಳುತ್ತಾರೆ ಅಂತ ಹೆಸರು. ನಮ್ಮ ಕಡೆಯ ಲಾರಿಯವರೆಲ್ಲ ಸ್ಪ್ರಿಂಗಿಗೆ ಇನ್ನೊಂದೆರಡು ಪಟ್ಟಿ ಸೇರಿಸಿ ಎತ್ತರ ಮಾಡಿಸಲು ಅವರ ಹತ್ತಿರ ಹೋಗುತ್ತಿದ್ದರು. ಇಳಿಸಬೇಕು ಅಂದಾಗ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಯಾಕೆ ಅಂತ ಕೇಳಿದರು. ಶೋಕಿಗೆ ಬಂದಿದ್ದಾನೆ ಅಂದುಕೊಂಡಿರಬೇಕು. ಅಕ್ಕನ ವಿಷಯ ಹೇಳಿದೆ. ಅವರು ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಹೋದರು.

ಹೊರಗೆ ಬಂದು ವಿವರಿಸಿದರು. ಚಕ್ರಗಳನ್ನು ಸೇರಿಸುವ ಆಕ್ಸಲಿನ ಮೇಲೆ ಸ್ಪ್ರಿಂಗು ಕೂತಿದೆ, ಅದನ್ನು ಆಕ್ಸಲಿನ ಕೆಳಗೆ ಕಟ್ಟಿದರೆ ಗಾಡಿ ತಾನಾಗಿ ಐದಾರು ಅಂಗುಲ ಇಳಿಯುತ್ತದೆ, ಪಟ್ಟಿ ಅಷ್ಟೇ ಇರುವುದರಿಂದ ಹೊರೆಗೂ ತೊಂದರೆ ಇಲ್ಲ. ಕೇಳಲು ಎಷ್ಟು ಸುಲಭ. ಸ್ಪ್ರಿಂಗು ಕೂರಲು ಆಕ್ಸಲಿನ ತಳಕ್ಕೆ ಹೊಸ ಪೀಠ ಮಾಡಿ ಬೆಸೆಯಬೇಕಿತ್ತು, ಉದ್ದದ ಬೋಲ್ಟು ಕಾಯಿಸಿ ಬಗ್ಗಿಸಬೇಕಿತ್ತು. ಎಂಟು ದಿನ ನಾನೂ ಅಲ್ಲೇ ಇದ್ದು ಸುತ್ತಿಗೆ ಹಿಡಿದೆ. ಬೇಸಿಗೆ, ತೋಟದಲ್ಲಿ ಎರಡು ಫಸಲಿನ ನಡುವಿನ ಬಿಡುವು, ಹಾಗಾಗಿ ಅಪ್ಪ ಸುಮ್ಮನಿದ್ದ.

ಗಾಡಿ ಮನೆಗೆ ತಂದು ಜಗಲಿಗೆ ಹಿಮ್ಮುಖ ಕೊಟ್ಟು, ಹಿಂದಿನ ಹಲಗೆ ಇಳಿಬಿಟ್ಟೆ. ಅಕ್ಕ ಬಂದಳು. ಬಲಗಾಲು ಎತ್ತಿ ಇಟ್ಟಳು, ಆಮೇಲೆ ಎಡಗಾಲು. ತೊಟ್ಟಿಯೊಳಗೆ ನಿಂತುಬಿಟ್ಟಿದ್ದಳು. ಯಾರ ಕೈಯೂ ತಾಕಿರಲಿಲ್ಲ. ಬಾಗಿಲಲ್ಲಿದ್ದ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಬೀಗಿಹೋದೆ. ಆ ಹಿಗ್ಗಿನಲ್ಲೇ ತಪ್ಪು ಮಾಡಿದೆ. ಈಗಲೇ ಪುಟ್ಟೇನಹಳ್ಳಿ ಕೆರೆಯ ತನಕ ಹೋಗಿಬರೋಣ ಅಂದೆ. ಅಕ್ಕನೂ ಹೂಂ ಅಂದಳು.

ಹಾಸಿಗೆಯ ಮೇಲೆ ಮಲಗಿದಳು. ನಿಧಾನವಾಗಿಯೇ ಓಡಿಸಿದೆ. ಯಲಹಂಕ ದಾಟಿ ಕೆರೆ ಕಾಣುವ ತನಕ ಎಲ್ಲ ಚೆನ್ನಾಗಿತ್ತು. ಏರಿಯ ಇಳಿಜಾರಿನಲ್ಲಿ ನೀರು ಕೊರೆದ ಒಂದು ಕೊರಕಲಿತ್ತು. ನೋಡಿದ್ದೆ, ವೇಗ ತಗ್ಗಿಸಿಯೂ ಇದ್ದೆ. ಹಿಂದಿನ ಚಕ್ರ ಅದರಲ್ಲಿ ಇಳಿದದ್ದೇ ತಡ, ಕೆಳಗಿನಿಂದ ಯಾರೋ ಹಾರೆಯಲ್ಲಿ ಗುದ್ದಿದ ಹಾಗೆ ಶಬ್ದ ಬಂತು. ಗಾಡಿ ನಿಲ್ಲಿಸಿ ಹಿಂದಕ್ಕೆ ಓಡಿದೆ. ಅಕ್ಕ ಕೂಗಿರಲಿಲ್ಲ. ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಕೆಳತುಟಿ ಕಚ್ಚಿ ರಕ್ತ ಬಂದಿತ್ತು. ಸ್ವಲ್ಪ ಹೊತ್ತು ಮಾತಾಡಿಸಬೇಡ ಅಂತ ಕೈಯಲ್ಲೇ ಸನ್ನೆ ಮಾಡಿದಳು.

ವಾಪಸು ಮನೆ ಸೇರಲು ಎರಡು ಗಂಟೆ ಹಿಡಿಯಿತು. ಡಾಕ್ಟರನ್ನು ಮನೆಗೇ ಕರೆತಂದೆವು. ಮೂಳೆಗೆ ಏನೂ ಆಗಿಲ್ಲ, ಆದರೆ ಮೂರು ವಾರ ಏಳಕೂಡದು ಅಂದರು. ನನ್ನನ್ನು ಪಕ್ಕಕ್ಕೆ ಕರೆದು ಅವರು ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಆಡಿದ್ದು ಸರಿಯಾಗಿಯೇ ಇತ್ತು.

ಅಪ್ಪ ಆ ದಿನ ಊಟ ಮಾಡಲಿಲ್ಲ. ಮರುದಿನ ನನಗೂ ಅವ್ವನಿಗೂ ಒಟ್ಟಿಗೆ ಹೇಳಿದ. "ಇಂಗೆ ಆಟ ಆಡಿದ್ದು ಸಾಕು. ನೌಕರಿ ಓದ್ರೆ ಓಗ್ಲಿ. ನನ್ ಮಗ್ಳು ನಂಗೆ ಇದ್ರೆ ಸಾಕು."

ಹತ್ತು ದಿನ ನಾನು ಪಿಕಪ್ಪಿನ ಹತ್ತಿರ ಸುಳಿಯಲಿಲ್ಲ. ಅಕ್ಕನ ಕೋಣೆಗೂ ಹೋಗುತ್ತಿರಲಿಲ್ಲ. ತೋಟದಲ್ಲಿ ಸುಮ್ಮನೆ ಪಾತಿ ಕೆತ್ತುತ್ತಿದ್ದೆ. ಹನ್ನೊಂದನೆಯ ದಿನ ಅವಳೇ ಅವ್ವನ ಕೈಲಿ ಹೇಳಿ ಕಳಿಸಿದಳು. ಹೋಗಿ ಬಾಗಿಲಲ್ಲಿ ನಿಂತೆ. ತಪ್ಪಾಯ್ತು ಅನ್ನಲು ಬಾಯಿ ತೆರೆದೆ. ಅವಳು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಶಾಲೆಯಲ್ಲಿ ಮಕ್ಕಳ ಲೆಕ್ಕ ತಿದ್ದುವ ದನಿಯಲ್ಲೇ ಶುರುಮಾಡಿದಳು. ಅವತ್ತು ಪೆಟ್ಟು ಬಿದ್ದದ್ದು ಚಕ್ರ ಗುಂಡಿಗೆ ಇಳಿದಾಗಲೋ, ಗುಂಡಿಯಿಂದ ಮೇಲೆದ್ದಾಗಲೋ? ಗೊತ್ತಿಲ್ಲ ಅಂದೆ. ಆಕ್ಸಲು ಮೇಲಕ್ಕೆ ಬಂದು ಚಾಸಿಗೆ ಬಡಿಯುತ್ತಾ? ಗೊತ್ತಿಲ್ಲ. ಖಾಲಿ ಗಾಡಿಯಲ್ಲಿ ಅವೆರಡರ ನಡುವೆ ಎಷ್ಟು ಜಾಗ ಇದೆ? ಅದೂ ಗೊತ್ತಿಲ್ಲ.

"ಗೊತ್ತಿಲ್ದೇನೇ ಹತ್ತು ದಿನದಿಂದ ಅಳ್ತಾ ಕೂತಿದ್ದೀಯಲ್ಲೋ," ಅಂದಳು. "ಎದ್ದೋಗು. ನನ್ನ ಪೆಟ್ಟಿಗೇಲಿ ಸೀಮೆಸುಣ್ಣ ಇದೆ, ತಗೋ."

ಅವಳು ಮಲಗಿದಲ್ಲಿಂದಲೇ ಹೇಳಿಕೊಟ್ಟಂತೆ ಮಾಡಿದೆ. ಆಕ್ಸಲಿಗೆ ಒಂದು ಬಿದಿರು ಸೀಳು ನೇರವಾಗಿ ಕಟ್ಟಿ, ಅದರ ತುದಿಗೆ ಸೀಮೆಸುಣ್ಣದ ತುಂಡು ಬಿಗಿದೆ. ಎದುರಿಗೆ ಚಾಸಿಗೆ ಮಸಿ ಬಳಿದ ಒಂದು ಹಲಗೆ ಕಟ್ಟಿದೆ. ಚಕ್ರ ಮೇಲೆ ಕೆಳಗೆ ಆಡಿದಷ್ಟೂ ಸುಣ್ಣ ಹಲಗೆಯ ಮೇಲೆ ಗೆರೆ ಎಳೆಯುತ್ತದೆ. ತೊಟ್ಟಿಯಲ್ಲಿ ಅಕ್ಕನ ತೂಕದಷ್ಟು ರಾಗಿ ಮೂಟೆ ಇಟ್ಟೆ. ಅದೇ ಕೆರೆಯ ಏರಿಗೆ ಹೋಗಿ ಅದೇ ಕೊರಕಲಿನಲ್ಲಿ ಇಳಿಸಿದೆ. ಅದೇ ಶಬ್ದ. ಹಲಗೆ ಬಿಚ್ಚಿ ತಂದು ಅಕ್ಕನ ಮುಖದ ಮೇಲೆ ಹಿಡಿದೆ.

ಗೆರೆ ಕೆಳಕ್ಕೆ ಉದ್ದವಾಗಿ ಇಳಿದಿತ್ತು. ಮೇಲಕ್ಕೆ ಮಾತ್ರ ಒಂದೂಕಾಲು ಅಂಗುಲ ಹೋಗಿ ಕಡಿದ ಹಾಗೆ ನಿಂತಿತ್ತು. ನಿಂತ ಕಡೆಯಲ್ಲಿ ಸುಣ್ಣ ದಪ್ಪನಾಗಿ ಒತ್ತಿ ಪುಡಿಯಾಗಿತ್ತು.

ಅಕ್ಕನಿಗೆ ಅರ್ಥವಾಯಿತು. ಗಾಡಿಯನ್ನು ಆರು ಅಂಗುಲ ಇಳಿಸಿದೆವು, ಚಕ್ರ ಮೇಲೇಳಲು ಇದ್ದ ಜಾಗದಲ್ಲೇ ಆ ಆರು ಅಂಗುಲ ಕಳೆದುಹೋಯಿತು, ಸ್ಪ್ರಿಂಗು ಮೆತ್ತಗಿದ್ದರೂ ಗಟ್ಟಿಯಿದ್ದರೂ ಇನ್ನು ಒಂದೇ, ಅದು ಕೆಲಸ ಮಾಡುವ ಮೊದಲೇ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ ಅಂತ ವಿವರಿಸಿದಳು. ಜಾಗ ಮಾಡಿಸು ಅಂದಳು.

ಹಲಗೆಯನ್ನು ಗೋಣಿಯಲ್ಲಿ ಸುತ್ತಿಕೊಂಡು ಯಶವಂತಪುರಕ್ಕೆ ಹೋದೆ. ಮೇಸ್ತ್ರಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು, ಬೆರಳಿನಿಂದ ಅಳೆದರು. ಏನಾಯಿತು ಅಂತ ಕೇಳಿ ತಿಳಿದುಕೊಂಡರು.

"ತಪ್ಪು ನಂದು, ತಮ್ಮಾ," ಅಂದರು. "ಎತ್ತರ ನೋಡ್ದೆ. ಓಟ ನೋಡ್ಲಿಲ್ಲ."

ದಾರಿ ಒಂದೇ ಇತ್ತು. ಆಕ್ಸಲು ಬಡಿಯುವ ಜಾಗದಲ್ಲಿ ಚಾಸಿಯ ಎರಡೂ ತೊಲೆಗಳನ್ನು ಕೆಳಗಿನಿಂದ ಅರ್ಧಚಂದ್ರಾಕಾರವಾಗಿ ಕೊಯ್ಯಬೇಕು. ಕೊಯ್ದ ಕಡೆ ಬಲ ಹೋಗದ ಹಾಗೆ ಕಮಾನಿನಂಥ ದಪ್ಪ ತಗಡು ಒಳಗೂ ಹೊರಗೂ ಕೂರಿಸಿ ರಿವೆಟ್ ಹೊಡೆಯಬೇಕು. ಚಾಸಿ ಅಂದರೆ ಗಾಡಿಯ ಬೆನ್ನೆಲುಬು. ಅದಕ್ಕೆ ಗರಗಸ ಹಾಕುವ ಮುಂಚೆ ಗಾಡಿಯ ಯಜಮಾನರು ತಮ್ಮ ಎದುರಿಗೆ ಬಂದು ಹೂಂ ಅನ್ನಬೇಕು ಅಂತ ಮೇಸ್ತ್ರಿ ಹಟ ಹಿಡಿದರು.

ಅಪ್ಪನನ್ನು ಹೊರಡಿಸಲು ಮೂರು ದಿನ ಬೇಕಾಯಿತು. ನಾನು ಕೇಳಿದಾಗಲೆಲ್ಲ ಎದ್ದು ಹೋಗುತ್ತಿದ್ದ. ಕೊನೆಗೆ ಅಕ್ಕ ಅವನನ್ನು ಮಂಚದ ಪಕ್ಕ ಕೂರಿಸಿಕೊಂಡಳು. ಅವಳೇನು ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಾಗಿಲು ಮುಚ್ಚಿತ್ತು. ಹೊರಗೆ ಬಂದ ಅಪ್ಪ ಪಂಚೆ ಬದಲಾಯಿಸಿ, ನಡಿ ಅಂದ.

ಶೆಡ್ಡಿನಲ್ಲಿ ಅಪ್ಪ ಕೇಳಿದ ಮೊದಲ ಪ್ರಶ್ನೆ ದ್ರಾಕ್ಷಿ ಹೊರೆಯದು. ಚಾಸಿ ಕೊಯ್ದ ಮೇಲೆ ಹೊರೆ ತಡೆಯುತ್ತದೆಯೇ? ತಡೆಯದಿದ್ದರೆ ಮನೆ ನಡೆಯುವುದು ಹೇಗೆ? ಮೇಸ್ತ್ರಿ ಸಮಾಧಾನವಾಗಿ ಕಮಾನಿನ ತಗಡು ತೋರಿಸಿದರು. ಅಪ್ಪ ಅದನ್ನು ಎತ್ತಿ ತೂಕ ನೋಡಿದ. ಆಮೇಲೆ ಗೋಡೆಗೆ ಒರಗಿಸಿದ್ದ ಮಸಿ ಹಲಗೆ ಅವನ ಕಣ್ಣಿಗೆ ಬಿತ್ತು. ಆ ಗೆರೆಯ ತುದಿಯಲ್ಲಿ ಸುಣ್ಣ ಯಾಕೆ ಹಂಗೆ ಮೆತ್ತಿದೆ ಅಂತ ಕೇಳಿದ.

ಮೇಸ್ತ್ರಿ ಹೇಳಿದರು. "ಅಲ್ಲೇ ನೋಡಿ ಯಜಮಾನ್ರೇ, ನಿಮ್ಮ ಮಗಳ ಬೆನ್ನಿಗೆ ಬಿದ್ದಿದ್ದು."

ಅಪ್ಪ ಹಲಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಸುಣ್ಣವನ್ನು ಮುಟ್ಟಲಿಲ್ಲ. ಆಮೇಲೆ ಎದ್ದು, "ಕುಯ್ರಿ," ಅಂದ. ಬಸ್ಸು ಹಿಡಿದು ಊರಿಗೆ ಹೊರಟುಹೋದ.

ಮೇ ತಿಂಗಳೆಲ್ಲ ಅದೇ ಕೆಲಸ. ಚಾಸಿ ಕೊಯ್ದೆವು. ಕಮಾನು ಕೂರಿಸಿ, ರಿವೆಟ್ ಕೆಂಪಗೆ ಕಾಯಿಸಿ ಹೊಡೆದೆವು. ಸ್ಪ್ರಿಂಗು ಪೂರ್ತಿ ಬಿಚ್ಚಿದಾಗ, ಹಿಂದಿನ ಸಲ ನಾನು ಬಿಚ್ಚದೆ ಬಿಟ್ಟಿದ್ದ ಐದು ಪಟ್ಟಿಗಳು ನಡುವೆ ತುಕ್ಕು ಕಟ್ಟಿ ಒಂದಕ್ಕೊಂದು ಅಂಟಿಕೊಂಡಿದ್ದವು. ಜಾರಬೇಕಾದದ್ದು ಜಾರದೆ ಐದೂ ಸೇರಿ ಒಂದು ದಿಮ್ಮಿಯಾಗಿತ್ತು. ಒಂದೊಂದನ್ನೂ ಇಟ್ಟಿಗೆ ಪುಡಿ ಹಾಕಿ ತಿಕ್ಕಿ, ಗ್ರೀಸಿಗೆ ಕರಿ ಗ್ರಾಫೈಟು ಕಲಸಿ ಬಳಿದೆ. ಒಂಬತ್ತರಲ್ಲಿ ಮೂರು ಪಟ್ಟಿಗಳನ್ನು ಮೇಸ್ತ್ರಿ ಬೇರೆ ಮಾಡಿ, ಗಾಡಿ ಖಾಲಿ ಇದ್ದಾಗ ತಾಕದ ಹಾಗೆ, ಹೊರೆ ಬಿದ್ದು ತಗ್ಗಿದಾಗ ಮಾತ್ರ ಆನಿಕೊಳ್ಳುವ ಹಾಗೆ ಕೂರಿಸಿದರು. ಆರು ಅಕ್ಕನಿಗೆ, ಮೂರು ದ್ರಾಕ್ಷಿಗೆ ಅಂತ ನಗುತ್ತಿದ್ದರು. ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್ ಬಿಚ್ಚಿದರೆ ಒಳಗೆ ತೊಟ್ಟು ಎಣ್ಣೆಯಿರಲಿಲ್ಲ. ಯಾವ ಕಾಲದಲ್ಲಿ ಒಣಗಿತ್ತೋ. ಹೊಸ ವಾಷರು ಕತ್ತರಿಸಿ ಎಣ್ಣೆ ತುಂಬಿದೆವು.

ಎಲ್ಲ ಕಟ್ಟಿದ ದಿನ ಮೇಸ್ತ್ರಿ ಸ್ಟಿಯರಿಂಗಿಗೆ ಕೂತು, ನನ್ನನ್ನು ಹಿಂದೆ ಮಲಗು ಅಂದರು. ಆ ತನಕ ನಾನು ಆ ತೊಟ್ಟಿಯಲ್ಲಿ ಒಂದು ದಿನವೂ ಮಲಗಿ ಪ್ರಯಾಣ ಮಾಡಿರಲಿಲ್ಲ. ಯಶವಂತಪುರದಿಂದ ಹೆಬ್ಬಾಳದ ತನಕ ಅಂಗಾತ ಮಲಗಿ ಹೋದೆ. ರಸ್ತೆ ಮುಂಚೆ ಕಾಣುವುದಿಲ್ಲ, ಗುಂಡಿ ಬರುತ್ತದೆ ಅಂತ ಮೈ ಬಿಗಿ ಹಿಡಿಯಲೂ ಆಗುವುದಿಲ್ಲ. ಬಂದದ್ದು ಸೀದಾ ಬೆನ್ನಿಗೇ ಬರುತ್ತದೆ. ಕೆರೆಯ ಏರಿಯ ಮೇಲೆ ಅಕ್ಕ ಹೇಗೆ ಮಲಗಿದ್ದಳು ಅನ್ನುವುದು ನನಗೆ ಆವತ್ತು ತಿಳಿಯಿತು. ಹೆಬ್ಬಾಳದಲ್ಲಿ ಇಳಿದು, ಬಲಗಡೆ ಇನ್ನೂ ಸ್ವಲ್ಪ ಕುಟ್ಟುತ್ತದೆ ಅಂದೆ. ವಾಪಸು ಹೋಗಿ ಬಿಚ್ಚಿದೆವು. ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ, ಶಾಕಲ್, ಒಂದು ಬಿಗಿದುಕೊಂಡಿತ್ತು, ಸರಿಮಾಡಿದರು. ಮತ್ತೆ ಮಲಗಿದೆ. ಹೀಗೆ ನಾಲ್ಕು ಸಲ. ನಾಲ್ಕನೆಯ ಸಲ ಗುಂಡಿ ಬಂದಾಗ ತೊಟ್ಟಿ ತಗ್ಗಿ, ಎದ್ದು, ಅಲ್ಲಿಗೇ ನಿಂತಿತು. ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು ಮಲಗಿಯೇ ಇದ್ದೆ. ಗಾಡಿ ನಿಲ್ಲಿಸಿ ಬಂದು ನೋಡಿದ ಮೇಸ್ತ್ರಿ, ನಿದ್ದೆ ಬಂತಾ ಅಂತ ಕೇಳಿದರು.

ಶಾಲೆ ಶುರುವಾಗುವ ದಿನ ಬೆಳಿಗ್ಗೆ ಡಾಕ್ಟರು ಬಂದು ತಾವೇ ಅಕ್ಕನ ಪಕ್ಕ ತೊಟ್ಟಿಯಲ್ಲಿ ಕೂತರು. ಅವರ ಅಪ್ಪಣೆ ಸಿಕ್ಕಿದ್ದೇ ಆ ಕರಾರಿನ ಮೇಲೆ. ಅಪ್ಪ ಮುಂದೆ ನನ್ನ ಪಕ್ಕ ಕೂತು, ದಾರಿಯುದ್ದಕ್ಕೂ ಗುಂಡಿ ತೋರಿಸುತ್ತ ಬಂದ. ನಾನು ಎಲ್ಲವನ್ನೂ ಮೊದಲೇ ನೋಡಿರುತ್ತಿದ್ದೆ, ಆದರೂ ಹೂಂ ಅನ್ನುತ್ತಿದ್ದೆ. ಶಾಲೆಯ ವರಾಂಡಕ್ಕೆ ಹಿಮ್ಮುಖ ಕೊಟ್ಟು ನಿಲ್ಲಿಸಿದೆ. ಹಿಂದೆ ಹೋಗಿ ಹಲಗೆ ಇಳಿಸಿದೆ. ಡಾಕ್ಟರು ಮೊದಲು ಇಳಿದರು. ನನ್ನ ಕಡೆ ನೋಡಿ ತಲೆಯಾಡಿಸಿದರು, ಅಷ್ಟೇ.

ಅಕ್ಕ ಮಗ್ಗುಲಾಗಿ ಎದ್ದು ನಿಂತು ಸೀರೆಯ ನೆರಿಗೆ ಸರಿಮಾಡಿಕೊಂಡಳು. ಹಲಗೆ ದಾಟಿ ವರಾಂಡಕ್ಕೆ ಹೆಜ್ಜೆ ಇಟ್ಟಳು. ಹೆಡ್‌ಮಿಸ್ಟ್ರೆಸ್ ಎರಡೂ ಕೈ ಚಾಚಿ ಬಂದವರು, ಮುಟ್ಟಬಹುದೋ ಬಾರದೋ ತಿಳಿಯದೆ ಹಾಗೇ ನಿಂತರು. ಅಕ್ಕ ಅವರಿಗೆ ನಮಸ್ಕಾರ ಮಾಡಿ, ಏಳನೆಯ ಕ್ಲಾಸು ಯಾವ ಕೋಣೆಯಲ್ಲಿದೆ ಅಂತ ಕೇಳಿದಳು. ಒಳಗೆ ಹೋದಳು. ಅಪ್ಪ ವರಾಂಡದ ಕಂಬಕ್ಕೆ ಒರಗಿ, ಕಿಟಕಿಯಿಂದ ಅವಳ ದನಿ ಕೇಳುವ ತನಕ ಕದಲಲಿಲ್ಲ.

ಒಂದು ವರ್ಷ ನಾಲ್ಕು ತಿಂಗಳು ಹಾಗೆ ನಡೆಯಿತು. ಬೆಳಿಗ್ಗೆ ದ್ರಾಕ್ಷಿ, ಹತ್ತು ಗಂಟೆಗೆ ಅಕ್ಕ, ಸಂಜೆ ಮತ್ತೆ ಅಕ್ಕ. ಶನಿವಾರ ಒಂದೊಂದು ಸಲ ಮೇಸ್ತ್ರಿ ಬಂದು ರಿವೆಟ್‌ಗಳನ್ನು ಬೆರಳಿನಿಂದ ತಡವಿ ನೋಡಿ, ಅವ್ವ ಕೊಟ್ಟ ಮಜ್ಜಿಗೆ ಕುಡಿದು ಹೋಗುತ್ತಿದ್ದರು. ಪೆಟ್ಟಿಗೆಗಳ ತಳದ ದ್ರಾಕ್ಷಿ ಮೊದಲಿನಷ್ಟು ಒಡೆಯುತ್ತಿಲ್ಲ ಅಂತ ಅಪ್ಪ ಒಮ್ಮೆ, ಯಾರಿಗೂ ಅಲ್ಲದ ಹಾಗೆ, ಹೇಳಿದ.

ಪ್ಲಾಸ್ಟರು ಬಿಚ್ಚಿ, ಕೊನೆಯ ಎಕ್ಸರೇ ನೋಡಿ, ಇನ್ನು ಎಲ್ಲರ ಹಾಗೆ ಓಡಾಡಬಹುದು ಅಂತ ಡಾಕ್ಟರು ಹೇಳಿದ ಮಾರನೆಯ ದಿನ ನಾನು ಎಂದಿನಂತೆ ಗಾಡಿ ತೊಳೆದು ಜಗಲಿಗೆ ಕೊಟ್ಟು ನಿಲ್ಲಿಸಿದ್ದೆ. ಅಕ್ಕ ಕೊಡೆ ಹಿಡಿದು ಹೊರಗೆ ಬಂದಳು. ಬಸ್ಸಿಗೆ ಹೋಗುತ್ತೇನೆ ಅಂದಳು. ನಾನು ಗಾಡಿಯ ಹಲಗೆ ಮೇಲೆತ್ತಿ ಅವಳ ಹಿಂದೆ ಹೊರಟೆ.

"ಹಿಂದೆ ಬರಬೇಡ ಕಣೋ," ಅಂದಳು. "ಒಬ್ಳೇ ಹೋಗಿ ನೋಡ್ಬೇಕು."

ಬಸ್ಸು ಬಂತು. ಎತ್ತರದ ಮೆಟ್ಟಿಲು. ಅವಳು ಕಂಬಿ ಹಿಡಿದು, ಒಂದು ಸಲ ಉಸಿರು ಎಳೆದುಕೊಂಡು ಹತ್ತಿದಳು. ಜನರ ನಡುವೆ ಎಲ್ಲಿ ನಿಂತಳೋ ಕಾಣಲಿಲ್ಲ. ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಇಷ್ಟಕ್ಕೇ ಅಲ್ಲವೇ ನಾವೆಲ್ಲ ಒದ್ದಾಡಿದ್ದು ಅಂತ ಸಂತೋಷವಾಗಬೇಕಿತ್ತು, ಆಯಿತೂ ಕೂಡ. ಜೊತೆಗೆ ಕೈಗೆ ಕೆಲಸ ಇಲ್ಲದಂತೆಯೂ ಆಯಿತು. ತೋಟದಿಂದ ಅಪ್ಪ ಕೂಗಿದ. ಎರಡನೆಯ ಕೊಯ್ಲಿನ ಪೆಟ್ಟಿಗೆಗಳು ತುಂಬಿದ್ದವು, ಹೇರಲು ಹೋದೆ.